ಬಿಟ್ಟಿ ಜಾವಾದ ಸುಂದರೇಶ

ಹೂಟಗಳ್ಳಿಯ ಕಾರ್ಖಾನೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸುಂದರೇಶನಿಗೆ, ಪ್ರೋಗ್ರಾಮು ಓಡಿಸುವ ಜಾವಾ ಎಂಬ ತಂತ್ರಾಂಶವನ್ನು ದುಡ್ಡು ಕೊಟ್ಟು ತರುವ ಮಾತೆತ್ತಿದರೆ ಮೈಯೆಲ್ಲ ಉರಿಯುತ್ತದೆ. "ಬಿಟ್ಟಿ ಜಾವಾನೂ ಅದೇ ಹಿಟ್ಟು ಕಣ್ರೀ, ಎಸಿ ಹೋಟ್ಲಲ್ಲಿ ಹುಯ್ದ ದೋಸೆಗೆ ದುಪ್ಪಟ್ಟು ಕೊಡ್ಬೇಕಾ?" ಎಂದು ಮದುವೆಮನೆಯ ಪಂಕ್ತಿಯಲ್ಲೂ ಪಕ್ಕದವರಿಗೆ ಬೋಧಿಸುತ್ತಾನೆ. "ಬಿಟ್ಟೀದು ಕೆಟ್ಟರೆ ಯಾರಿಗ್ರೀ ಫೋನ್ ಮಾಡೋದು?" ಎಂದು ಮ್ಯಾನೇಜರು ಕೇಳಿದಾಗ, "ನಾನಿಲ್ವಾ ಸಾರ್!" ಎಂದು ಎದೆ ತಟ್ಟಿ ಹೇಳಿದ್ದ. ಅಂದಿನಿಂದ ಫೋನ್ ಬಂದರೆ ಬಚ್ಚಲಿನಿಂದ ಸೋಪಿನ ನೊರೆಯಲ್ಲೇ ಓಡಿಬಂದು, "ನನ್ನ ಹಣೆಬರಹ" ಎಂದು ಬೀದಿಗೆಲ್ಲ ಕೇಳುವಂತೆ ಗೊಣಗುತ್ತಾನೆ. ಭಾನುವಾರ ಸಂಜೆಯಾದರೂ ಫೋನ್ ಬರದಿದ್ದರೆ ತಾನೇ ಕಾರ್ಖಾನೆಗೆ ಫೋನ್ ಮಾಡಿ, "ಎಲ್ಲಾ ಓಡ್ತಿದೆಯೇನಪ್ಪಾ?" ಎಂದು ವಿಚಾರಿಸುತ್ತಾನೆ. "ಓಡ್ತಿದೆ ಸಾರ್, ನೀವು ಆರಾಮಾಗಿರಿ" ಎಂದರೆ ಪೆಚ್ಚಾಗಿ ಕೂರುತ್ತಾನೆ. ಆಗ ಹೆಂಡತಿ ಭಾನುಮತಿ ಟಿವಿ ರಿಮೋಟು ತಂದುಕೊಟ್ಟು, "ಇದ್ಯಾಕೋ ಕೆಲ್ಸಾನೇ ಮಾಡ್ತಿಲ್ಲ, ಒಸಿ ನೋಡ್ತೀರಾ?" ಎನ್ನುತ್ತಾಳೆ. ಬ್ಯಾಟರಿಯನ್ನು ಅವಳೇ ತಿರುಗಿಸಿ ಹಾಕಿದ್ದಾಳೆಂದು ಗೊತ್ತಿದ್ದರೂ ಸುಂದರೇಶ, "ಬಿಚ್ಚಿಯೇ ನೋಡ್ಬೇಕು ಕಣೇ" ಎನ್ನುತ್ತಾ ಸ್ಕ್ರೂಡ್ರೈವರ್ ಹುಡುಕಲು ಏಳುತ್ತಾನೆ.