ಬಾಗಿಲ ಮುಂದಿನ ಬೆಂಕಿ ಕಂಡು ಬಂದ ಅನ್ನ

ಇವತ್ತು ಮಧ್ಯಾಹ್ನ ನಮ್ಮನೆಯಲ್ಲಿ ಆದದ್ದು ಕೇಳಿ. ಪಕ್ಕದ ಮನೆ ಗಂಗಕ್ಕ ಅನ್ನ, ಸಾರಿನ ಪಾತ್ರೆ ಹಿಡಿದು ಅಳುತ್ತಾ ಬಂದು, "ಯಾವಾಗ ಹೋದ್ರು ಕಣಮ್ಮ ನಿಮ್ಮತ್ತೆ? ನಮಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದಳು.

ಅವಳದೇನು ತಪ್ಪು. ಹಾಸಿಗೆ ಹಿಡಿದ ಅತ್ತೆಯ ಕೆಮ್ಮು ನೋಡಲಾರದೆ, ಕೊರಟಗೆರೆಯಿಂದ ಬರುವ ಗ್ರಾಮಸೇವಕಿ ಹೇಳಿದ ಹೊಗೆ ಕೊಳವೆಯ ಒಲೆ ಹಾಕಿಸಲೆಂದು ಅಡುಗೆಮನೆಯ ಹಳೇ ಒಲೆ ಕೆಡವಿಸಿದ್ದೇವೆ. ಹಿತ್ತಲಲ್ಲಿ ಮಣ್ಣು, ಹೆಂಚು ತುಂಬಿದೆ. ಹಾಗಾಗಿ ಬಾಗಿಲ ಮುಂದೆಯೇ ಮೂರು ಕಲ್ಲಿಟ್ಟು ಮನೆಮಂದಿಗೆಲ್ಲ ಬೇಯಿಸುತ್ತಿದ್ದೇನೆ. ನಮ್ಮ ಕಡೆ ಬಾಗಿಲ ಮುಂದೆ ಬೆಂಕಿ ಕಂಡರೆ ಸಾವಾಗಿದೆ ಎಂದೇ ಅರ್ಥ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅನ್ನ ತರುತ್ತಾರೆ. ಎಲ್ಲಕ್ಕೂ ಹೆದರುವ ನನಗೆ ಇದೊಂದು ಹೊಳೆಯಲಿಲ್ಲ.

"ಮೆಲ್ಲಗೆ ಮಾತಾಡಕ್ಕ, ಒಳಗೆ ಮಲಗವ್ರೆ" ಎಂದೆ. ಅಷ್ಟರಲ್ಲಿ ಅತ್ತೆಗೆ ಕೇಳಿಸಿಬಿಟ್ಟಿತ್ತು. ನಿನ್ನೆಯಿಂದ ನನ್ನ ಗಂಜಿಗೂ ಬಾಯಿ ತೆರೆಯದವರು ಒಳಗಿನಿಂದಲೇ, "ಅದನ್ನ ವಾಪಸ್ ಕಳಿಸ್ಬ್ಯಾಡ ಕಣವ್ವ. ನಾನು ಹೋದ ದಿನ ನಂಗೆ ಸಿಕ್ಕಾಕಿಲ್ಲ, ಇವತ್ತೇ ಒಂದು ತುತ್ತು ಇಕ್ಕು" ಎಂದರು.

ಗಂಗಕ್ಕನೇ ಕಲಸಿ ತಿನ್ನಿಸಿದಳು. ಎರಡು ತುತ್ತು ನುಂಗಿ ಅತ್ತೆ, "ಉಪ್ಪು ಸಾಲ್ದು ಕಣೇ ಗಂಗಿ. ಆವತ್ತಿಗೆ ಇನ್ನೊಂದು ಚೂರು ಹಾಕು, ನನ್ನ ಮಗ ಸಪ್ಪೆ ಉಣ್ಣಾಕಿಲ್ಲ" ಎಂದರು.

"ಆಗ್ಲಿ ಕಣತ್ತೆ" ಎಂದುಬಿಟ್ಟಳು ಗಂಗಕ್ಕ.

ನನಗೋ ಒಲೆಯಿಲ್ಲದೆ ನಾಳೆ ಮನೆಮಂದಿಗೆ ಹೇಗೆ ಉಣ್ಣಿಸಲಿ ಎಂಬ ಚಿಂತೆ. ಅತ್ತೆ ಆ ದಿನದ ಊಟಕ್ಕೂ ಏರ್ಪಾಟು ಮಾಡಿ ಮಲಗಿದ್ದಾರೆ.