ಹಲ್ಲು ಯಾವ ಕಡೆಗೆ

ಮೊದಲನೆಯ ಸೆಕೆಂಡ್ ಹ್ಯಾಂಡ್ ಚೈನ್ ಸಾ, ಅಂದರೆ ಮರ ಕುಯ್ಯುವ ಮಷಿನ್ ಕೊಂಡಾಗ ನನಗೆ ಐವತ್ತಾರು. ಅದಾಗಿ ಹದಿನಾಲ್ಕು ವರ್ಷ. ಕೂಡಿಸಿಕೊಳ್ಳುವ ಕೆಲಸ ನಿಮ್ಮದು. ವಯಸ್ಸು ಮುಚ್ಚಿಡುವ ಹೆಂಗಸು ನಾನಲ್ಲ. ಇಷ್ಟು ದಿನ ಇಲ್ಲದ ನೆನಪು ಈಗ ಯಾಕೆ ಬಂತೆಂದರೆ, ಮೊನ್ನೆ ಬೆಳಿಗ್ಗೆ ಮಾರೇನಹಳ್ಳಿಯ ನಮ್ಮ ಮನೆ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸಿ ಉರಿಸಿದ ವಾಸನೆ ಬಂತು. ಅದರ ಹಿಂದೆಯೇ ಹಸಿ ಮರದ ವಾಸನೆ. ಎದುರು ರಸ್ತೆಯಲ್ಲಿ ಗಾಳಿಗೆ ಮುರಿದು ಬಿದ್ದ ದೊಡ್ಡ ಕೊಂಬೆಯನ್ನು ಕುಯ್ಯಲು ಇಬ್ಬರು ಬಂದಿದ್ದರು. ಮಲ್ಲಿಗೆ ವಾಸನೆಗೆ ಕೆಲವರು ಕಣ್ಣು ಮುಚ್ಚಿಕೊಳ್ಳುತ್ತಾರಲ್ಲ, ನನಗೆ ಹಾಗಾಗುವುದು ಈ ಹೊಗೆಗೆ.

ನಮ್ಮದು ಸೌದೆ ಡಿಪೋ. ರಸ್ತೆಗೆ ಮನೆ, ಅದರ ಪಕ್ಕದ ಅಂಗಳದಲ್ಲಿ ಸೌದೆ. ಗ್ಯಾಸ್ ಬಂದ ಮೇಲೂ ಸೌದೆ ಯಾರು ಕೊಳ್ಳುತ್ತಾರೆ ಎಂದು ಕೇಳುವವರಿದ್ದಾರೆ. ಅವರು ಒಂದು ಒಳ್ಳೆಯ ಬೀಗರೂಟ ಉಂಡಿಲ್ಲ ಎಂದು ಅರ್ಥ. ಸಾವಿರ ಜನಕ್ಕೆ ಮುದ್ದೆ ತೊಳಸುವ ಹಂಡೆಗೆ ನೀಲಗಿರಿ ಸೌದೆಯ ಉರಿಯೇ ಬೇಕು. ಅಡುಗೆಯವರು ಇವತ್ತಿಗೂ ನಮ್ಮ ಬಾಗಿಲಿಗೇ ಬರುತ್ತಾರೆ.

ಮಷಿನ್ ಬರುವ ಮುಂಚೆ ದಿಮ್ಮಿ ಕುಯ್ಯುತ್ತಿದ್ದವರು ನಾವಿಬ್ಬರೇ, ನಾನು ಮತ್ತು ನಮ್ಮ ಯಜಮಾನರು. ಉದ್ದನೆಯ ಗರಗಸದ ಆ ತುದಿ ಅವರದು, ಈ ತುದಿ ನನ್ನದು. ಇಪ್ಪತ್ತೆಂಟು ವರ್ಷ ಹಾಗೇ ಎಳೆದೆವು. ಆ ಗರಗಸವನ್ನು ಯಾರೂ ತಳ್ಳುವಂತಿಲ್ಲ, ತಳ್ಳಿದರೆ ಬಾಗುತ್ತದೆ. ನೀವು ಎಳೆದು ಮುಗಿಸಿದ ಮೇಲೆ ಕೈ ಸಡಿಲ ಬಿಡಬೇಕು, ಆಚೆಯವರು ಎಳೆಯುತ್ತಾರೆ. ಹೋಗುವಾಗಲೂ ಕುಯ್ಯುತ್ತದೆ, ಬರುವಾಗಲೂ ಕುಯ್ಯುತ್ತದೆ. ಮನೆಯಲ್ಲಿ ಜಗಳವಾದ ದಿನ ಮಾತ್ರ ದಿಮ್ಮಿಯ ನಡುವೆ ಸಿಕ್ಕಿಕೊಂಡು ಕೂರುತ್ತಿತ್ತು. ಅಕ್ಕಪಕ್ಕದವರಿಗೆ ನಮ್ಮ ಸಂಸಾರದ ಸುದ್ದಿ ಗೊತ್ತಾಗುತ್ತಿದ್ದುದು ಆ ಸದ್ದಿನಿಂದಲೇ.

ಒಂದು ದಿನ ಯಜಮಾನರ ಬಲಭುಜ ಹೋಯಿತು. ಕೈ ಕಿವಿಯವರೆಗೂ ಏಳಲಿಲ್ಲ. ಇನ್ನು ಗರಗಸ ಮುಟ್ಟಬೇಡಿ ಎಂದರು ಡಾಕ್ಟರು.

"ಮುಚ್ಬಿಡೋಣ ಕಣೇ," ಅಂದರು. "ನೀರಿನ ಕ್ಯಾನ್ ವ್ಯಾಪಾರದೋರು ಜಾಗ ಕೇಳ್ತಾವ್ರೆ. ಭಾನುವಾರ ಬಾ ಅಂತ ಹೇಳಿದೀನಿ."

"ಭುಜ ಹೋಗಿರೋದು ನಿಮ್ಮದು, ನನ್ನದಲ್ಲ."

"ಆ ಕಡೆ ತುದಿ ಯಾರು ಹಿಡೀತಾರೆ? ನಿಮ್ಮಪ್ಪ ಎದ್ದು ಬರ್ತಾನಾ?"

ನಮ್ಮಪ್ಪ ಸತ್ತು ಹತ್ತು ವರ್ಷವಾಗಿತ್ತು. ಯಜಮಾನರು ಜಗಲಿಯ ಮೇಲೆ ಅಂಗಳಕ್ಕೆ ಬೆನ್ನು ಹಾಕಿ ಕೂತರು. ಊಟಕ್ಕೆ ಏಳುವುದು, ಮತ್ತೆ ಬಂದು ರಸ್ತೆ ನೋಡುತ್ತ ಕೂರುವುದು. ಅಂಗಳದಲ್ಲಿ ನೀಲಗಿರಿ ದಿಮ್ಮಿಗಳು ಬಿದ್ದಿದ್ದವು. ಶನಿವಾರದ ಹೊತ್ತಿಗೆ ಒಂದು ಬೀಗರೂಟಕ್ಕೆ ಸೌದೆ ಸೀಳಿ ಕೊಡುತ್ತೇನೆಂದು ಅಡುಗೆಯವರಿಗೆ ಮಾತು ಕೊಟ್ಟವಳು ನಾನು. ಅದು ತಪ್ಪಿದರೆ ಭಾನುವಾರ ಕ್ಯಾನ್‌ನವರು ಬರುವಾಗ ನನ್ನ ಬಾಯಲ್ಲಿ ಮಾತಿರುತ್ತಿರಲಿಲ್ಲ.

ಕೆಂಗೇರಿ ದಾರಿಯ ಉಲ್ಲಾಳದಲ್ಲಿ ನಂಜಪ್ಪ ಎಂಬ ಮರ ಕಡಿಸುವ ಕಂಟ್ರಾಕ್ಟರ್ ಹಳೆಯ ಮಷಿನ್ ಮಾರುತ್ತಾನೆ ಎಂದು ಕೇಳಿದ್ದೆ. ಬುಧವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಎರಡು ರಾಗಿ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದೆ. ತಗಡಿನ ಶೆಡ್ಡಿನಲ್ಲಿ ಮೇಜಿನ ಮೇಲೆ ಒಂದು ಮಷಿನ್ ಹೊಳೆಯುತ್ತಿತ್ತು. ಹೊಸದಾಗಿ ಕಿತ್ತಳೆ ಬಣ್ಣ ಹೊಡೆದಿದ್ದರು.

"ಯಜಮಾನ್ರನ್ನ ಕಳಿಸಿ ಆಂಟಿ," ಅಂದ ನಂಜಪ್ಪ. "ಇದೆಲ್ಲ ಗಂಡಸ್ರು ನೋಡಿ ತಗೊಳೋ ವಸ್ತು."

"ನಮ್ಮ ಮನೇಲಿ ನೋಡೋಳು ನಾನೇ. ಎಳೆದು ತೋರಿಸಪ್ಪ."

ಸ್ಟಾರ್ಟ್ ಮಾಡುವ ಹಗ್ಗವನ್ನು ಒಂದೇ ಸಲ ಎಳೆದ. ಹತ್ತಿಕೊಂಡಿತು. "ನೋಡಿ, ಹೆಂಗೆ! ಬೆಣ್ಣೆ ಥರ ಐತೆ!" ಅಂದ.

ಆರಿಸಿದ ಮೇಲೆ ನಾನು ಅದರ ಮೈಮೇಲೆ ಕೈ ಇಟ್ಟೆ. ಒಂದು ಕ್ಷಣ ಓಡಿದ ಬಿಸಿ ಅದಲ್ಲ. ಅಡುಗೆಮನೆಗೆ ಹೊಸಬರು ಬಂದರೂ ಒಲೆ ಮುಟ್ಟಿದರೆ ಬೆಳಿಗ್ಗೆಯಿಂದ ಉರಿದಿದೆಯೋ, ಈಗ ಹಚ್ಚಿದ್ದೋ ಗೊತ್ತಾಗುತ್ತದಲ್ಲ. ನಾನು ಬರುವ ಮುಂಚೆಯೇ ಇದನ್ನು ಯಾರೋ ಚೆನ್ನಾಗಿ ಓಡಿಸಿ ಇಟ್ಟಿದ್ದರು. ನಾನು ಅಲ್ಲೇ ಒಂದು ಬೊಡ್ಡೆಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದೆ.

ಅರ್ಧ ಗಂಟೆಯಾದ ಮೇಲೆ ನಂಜಪ್ಪ ಬಂದು ನೋಡಿದ. "ಇನ್ನೂ ಕೂತಿದೀರಾ ಆಂಟಿ?"

"ತಣ್ಣಗಾಗ್ಲಿ ಅಂತ."

"ಕಾಫಿನಾ ಅದು, ತಣ್ಣಗಾಗೋಕೆ?"

"ಬಿಸಿ ಇದ್ದಾಗ ಎಂಥದ್ದೂ ಓಡುತ್ತೆ. ನಾಳೆ ಬೆಳಿಗ್ಗೆ ಚಳೀಲಿ ಅದನ್ನ ಎಳೆಯೋಳು ನಾನಲ್ವಾ."

ಎರಡು ಗಂಟೆ ಕೂತೆ. ಅವನ ಆಳುಗಳು ನನ್ನ ಸುತ್ತಲೂ ಓಡಾಡಿ ನಕ್ಕರು. ನಗಲಿ. ಆಮೇಲೆ ನಂಜಪ್ಪನೇ ಎಳೆದ. ಹದಿನೈದು ಸಲ ಎಳೆದ. ಕಿತ್ತಳೆ ಬಣ್ಣದ್ದು ಕೆಮ್ಮಿತೇ ಹೊರತು ಏಳಲಿಲ್ಲ. ಅವನ ಕಿವಿ ಕೆಂಪಾಯಿತು.

ಮೂಲೆಯಲ್ಲಿ ಗೋಣಿಚೀಲ ಹೊದ್ದು ಇನ್ನೊಂದಿತ್ತು. ಬಣ್ಣ ಹೋಗಿ, ಜಿಡ್ಡು ಹಿಡಿದು, ಒಲೆ ಪಕ್ಕದ ಮಸಿಬಟ್ಟೆಯ ಹಾಗಿತ್ತು. ಮುಟ್ಟಿದರೆ ತಣ್ಣಗೆ ಕಲ್ಲಿನ ಹಾಗೆ. ನಾನೇ ಎಳೆದೆ. ಮೂರನೆಯ ಸಲಕ್ಕೆ ಎದ್ದಿತು. ಆರಿಸಿ, ಹಸು ಕೊಳ್ಳುವಾಗ ನಮ್ಮಪ್ಪ ಬಾಯಿ ತೆರೆಸಿ ನೋಡುತ್ತಿದ್ದ ಹಾಗೆ ಚೈನಿನ ಹಲ್ಲು ನೋಡಿದೆ. ಉದ್ದವಾಗಿದ್ದವು, ಅಂದರೆ ಇನ್ನೂ ಆಯಸ್ಸಿತ್ತು. ಹೇಳಿದ ಬೆಲೆಯ ಅರ್ಧದಿಂದ ಶುರುಮಾಡಿ, ಅವನು ಅಳುವ ಮುಂಚೆ ನಿಲ್ಲಿಸಿದೆ.

ಪೆಟ್ರೋಲ್ ಖಾಲಿ ಮಾಡಿಸಿ, ಗೋಣಿಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. "ಏನಮ್ಮಾ ಅದು?" ಅಂತ ಕಂಡಕ್ಟರ್ ಕೇಳಿದ. "ನಮ್ಮ ಯಜಮಾನ್ರ ಭುಜ," ಅಂದೆ. ಅವನು ಮತ್ತೆ ನನ್ನ ಕಡೆ ಬರಲಿಲ್ಲ.

ಜಗಲಿಯಲ್ಲಿದ್ದ ಯಜಮಾನರು ಗೋಣಿಚೀಲ ನೋಡಿದರು, ನನ್ನನ್ನು ನೋಡಿದರು. "ನನ್ನ ಬದಲಿಗೆ ಸೆಕೆಂಡ್ ಹ್ಯಾಂಡ್ ತಂದ್ಯಾ?"

"ಹೂಂ. ಫಸ್ಟ್ ಹ್ಯಾಂಡ್ ನಾನಿದೀನಲ್ಲ."

ಮತ್ತೆ ರಸ್ತೆಯ ಕಡೆ ತಿರುಗಿಕೊಂಡರು.

ನನಗೊಂದು ಚಾಳಿ. ಬೇರೆಯವರ ಮನೆಯಿಂದ ಪಾತ್ರೆ ಬಂದರೂ ತೊಳೆಯದೆ ಒಲೆಗೆ ಇಡುವವಳಲ್ಲ. ಗುರುವಾರ ಪೂರ್ತಿ ಆ ಮಷಿನ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ಚೈನ್ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದು ಕೊಂಡಿಯನ್ನೂ ಉಜ್ಜಿದೆ. ಬೆಳ್ಳಿ ಕಾಲುಚೈನಿನ ಹಾಗೆ ಹೊಳೆಯಿತು. ಶುಕ್ರವಾರ ಬೆಳಿಗ್ಗೆ ಜೋಡಿಸಿ, ದೊಡ್ಡ ದಿಮ್ಮಿಯ ಮೇಲೆ ಕಾಲಿಟ್ಟು ಹಗ್ಗ ಎಳೆದೆ. ಎದ್ದಿತು. ಎದೆ ಉಬ್ಬಿಸಿಕೊಂಡು ಮರಕ್ಕೆ ಒತ್ತಿದೆ.

ಕುಯ್ಯಲಿಲ್ಲ. ಹೊಗೆ ಬಂತು. ಇನ್ನೂ ಒತ್ತಿದೆ, ಇನ್ನೂ ಹೊಗೆ. ದಿಮ್ಮಿಯ ಮೇಲೆ ಬರೆ ಎಳೆದ ಹಾಗೆ ಕಪ್ಪು ಗೆರೆ ಬಿತ್ತು. ಒಂದು ಚಿಟಿಕೆ ಮರದ ಹೊಟ್ಟೂ ಉದುರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು.

"ಆಂಟಿ, ಸೌದೆ ಕುಯ್ತಿದೀರಾ, ಇಲ್ಲೇ ಸುಟ್ಟು ಕೊಡ್ತಿದೀರಾ?"

ನಂಜಪ್ಪನ ಏಳು ತಲೆಮಾರಿಗೂ ಮನಸ್ಸಿನಲ್ಲಿ ಬೈದೆ. ನಾಳೆ ಶನಿವಾರ, ನಾಡಿದ್ದು ಕ್ಯಾನ್‌ನವರು. ಹೊಗೆಗೋ ಏನೋ, ಕಣ್ಣು ಉರಿಯುತ್ತಿತ್ತು. ಆಗ ಹಿಂದಿನಿಂದ ಒಂದು ಕೈ ಬಂದು ಮಷಿನ್ ಆರಿಸಿತು. ಎಡಗೈ. ಭುಜ ಹೋದಾಗಿನಿಂದ ಅಂಗಳಕ್ಕೆ ಕಾಲಿಡದವರು ಕಾಲಿಟ್ಟಿದ್ದರು.

"ಹಲ್ಲು ಯಾವ ಕಡೆ ನೋಡ್ತಾ ಐತೆ, ನೋಡೇ."

ನೋಡಿದೆ. ಹಲ್ಲೆಲ್ಲ ನನ್ನ ಕಡೆಗೇ ತಿರುಗಿದ್ದವು. ಚೈನನ್ನು ತಿರುವುಮುರುವಾಗಿ ಹಾಕಿದ್ದೆ.

"ಇಪ್ಪತ್ತೆಂಟು ವರ್ಷ ಎಳೆದ್ಯಲ್ಲೇ ಗರಗಸಾನ! ಹಲ್ಲಿಗೆ ಹಿಂದು ಮುಂದು ಇರುತ್ತೆ ಅಂತ ಗೊತ್ತಿಲ್ವಾ?"

"ನಮ್ಮ ಗರಗಸಕ್ಕೆಲ್ಲಿತ್ತು? ಅದು ಎರಡೂ ಕಡೆ ಕುಯ್ಯೋದು."

ಅವರಿಗೆ ನಗು ಬಂತು. ನಿಜ ಹೇಳಬೇಕೆಂದರೆ ಎಳೆಯುತ್ತಿದ್ದವಳು ನಾನು, ಹಲ್ಲಿಗೆ ಅರ ಹಾಕಿ ಹರಿತ ಮಾಡುತ್ತಿದ್ದವರು ಅವರು. ಹಲ್ಲಿನ ವಿಷಯ ಅವರಿಗೆ ಗೊತ್ತು. ಎಡಗೈಯಲ್ಲೇ ಚೈನ್ ಬಿಚ್ಚಿ, ತಿರುಗಿಸಿ ಹಾಕಿದರು. ನಾನು ಹಗ್ಗ ಎಳೆದೆ. ಈ ಸಲ ಒತ್ತಬೇಕಾಗಲಿಲ್ಲ. ತನ್ನ ಭಾರಕ್ಕೇ ಇಳಿಯಿತು. ಅವಲಕ್ಕಿಯ ಹಾಗೆ ದಪ್ಪ ಹೊಟ್ಟು ಹಾರಿ ಬಂದು ನಿಂತಿದ್ದವರ ಪ್ಯಾಂಟಿನ ಮೇಲೆ ಬಿತ್ತು. ಬಿಟ್ಟಿ ನೋಡಿದ್ದಕ್ಕೆ ಅಷ್ಟಾದರೂ ಬೇಡವೇ?

ಶನಿವಾರ ಮಧ್ಯಾಹ್ನಕ್ಕೆ ಸೌದೆ ಗಾಡಿಗೆ ಏರಿತು. ಭಾನುವಾರ ಕ್ಯಾನ್‌ನವರು ಬಂದಾಗ ಜಗಲಿಯಿಂದ ಎದ್ದು ಮಾತಾಡಿದವರು ಯಜಮಾನರೇ. "ಜಾಗ ಇಲ್ಲಪ್ಪ. ಮಷಿನ್ ತಂದಿದೀವಿ."

ತಂದಿದೀವಿ! ನಾನು ಒಳಗೆ ಕಾಫಿ ಸೋಸುತ್ತ ಕೇಳಿಸಿಕೊಂಡೆ. ಹೋಗಲಿ ಎಂದು ಬಿಟ್ಟೆ.

ಅಲ್ಲಿಂದ ಮಷಿನ್ ಹಿಡಿಯುವವಳು ನಾನು, ಹಲ್ಲಿಗೆ ದುಂಡು ಅರ ಹಾಕುವವರು ಅವರು. ಆ ಅರ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು, ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ಇನ್ನೂ ಮೂರು ಹಳೆಯ ಮಷಿನ್ ಕೊಂಡೆ, ಮೂರನ್ನೂ ತಣ್ಣಗಾಗುವ ತನಕ ಕಾದು. ಇವತ್ತಿಗೂ ನಮ್ಮ ಅಂಗಳಕ್ಕೆ ಹೊಸ ಮಷಿನ್ ಬಂದಿಲ್ಲ. ಕೆಂಗೇರಿ ಕಡೆಯಿಂದಲೂ ಮರ ಕಡಿಯುವವರು ಬಂದು, "ಅಮ್ಮ, ಒಂದು ಸೆಕೆಂಡ್ ಹ್ಯಾಂಡ್ ನೋಡಿದೀವಿ, ಬಂದು ಕೈ ಇಟ್ಟು ಹೇಳ್ತೀರಾ?" ಎಂದು ಆಟೋದಲ್ಲಿ ಕರೆದುಕೊಂಡು ಹೋಗಿದ್ದಾರೆ. ಮೂರನೆಯ ಕ್ಲಾಸು ದಾಟದವಳಿಗೆ ಇದಕ್ಕಿಂತ ಮರ್ಯಾದೆ ಯಾವುದು? ನಂಜಪ್ಪನೇ ಒಂದು ಸಲ ಕರೆಸಿಕೊಂಡ.

ಇಷ್ಟು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಎಂಟು ತಿಂಗಳಿಂದ ನಮ್ಮ ಮಷಿನ್ ಗೋಣಿಚೀಲದೊಳಗಿತ್ತು. ಯಜಮಾನರ ಕೈ ನಡುಗಲು ಶುರುವಾಗಿ ಅರ ನಿಲ್ಲುತ್ತಿರಲಿಲ್ಲ. ಕಣ್ಣೂ ಮಂಜು. "ನಾಳೆ ಹಾಕ್ತೀನಿ," ಅನ್ನುವರು. ಅರ ಕೊಡಿ, ನಾನೇ ಹಾಕುತ್ತೇನೆ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಅವರು ಮತ್ತೆ ರಸ್ತೆ ನೋಡುತ್ತ ಕೂರುವರು. ಬೇರೆಯವರು ಕುಯ್ದ ಸೌದೆ ತರಿಸಿ ಮಾರುತ್ತಿದ್ದೆವು. ಈ ರೀತಿ ಮಾರುವುದಕ್ಕಿಂತ ಕ್ಯಾನ್ ಮಾರುವುದೇ ವಾಸಿ ಎಂದು ನನಗೂ ಅನ್ನಿಸಿತ್ತು.

ಮೊನ್ನೆ ಎದುರು ರಸ್ತೆಯ ಮಷಿನ್ ಕೊಂಬೆಗೆ ತಾಗಿ ಕಿರುಚಿದಾಗ ಜಗಲಿಯಲ್ಲಿದ್ದ ನಾವಿಬ್ಬರೂ ಒಟ್ಟಿಗೇ ಅಂದೆವು: "ಮೊಂಡು."

ನಾನು ರಸ್ತೆ ದಾಟಿ ಹೋದೆ. ಮಷಿನ್ ಹಿಡಿದಿದ್ದವನು ಉತ್ತರ ಕರ್ನಾಟಕದ ಕಡೆಯವನು. "ದೂರ ಸರೀರಿ ಅಮ್ಮಾರ, ಕೊಂಬಿ ಉರುಳತೈತಿ," ಅಂದ.

"ಮೊದಲು ಆರಿಸಪ್ಪ. ಹೊಟ್ಟು ನೋಡು, ರಾಗಿ ಹಿಟ್ಟಿನ ಥರ ಬರ್ತಾ ಇದೆ. ಹಲ್ಲು ಸತ್ತಿದೆ. ಅರ ಎಲ್ಲಿ?"

"ತಂದಿಲ್ರೀ."

ತಿರುಗಿ ನೋಡಿದರೆ ಯಜಮಾನರು ಕೋಲೂರಿಕೊಂಡು ಹಿಂದೆಯೇ ಬಂದಿದ್ದರು. ಜೇಬಿನಿಂದ ಅರ ತೆಗೆದರು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ನನ್ನ ಕಡೆ ನೀಡಿದರು.

"ನೀನೇ ಹಾಕು. ನಾನು ಕೇಳಿಸ್ಕೊತೀನಿ."

ನಾನು ರಸ್ತೆಯ ಮೇಲೇ ಕೂತು ಮೊದಲನೆಯ ಹಲ್ಲಿಗೆ ಅರ ಹಾಕಿದೆ. "ಹಿಂದಕ್ಕೆ ತರೋವಾಗ ಎತ್ತು," ಅಂದರು. "ಅದೇನು ನಮ್ಮ ಗರಗಸಾನಾ, ಎರಡೂ ಕಡೆ ಎಳೆಯೋಕೆ? ತಳ್ಳು. ಎತ್ತು. ತಳ್ಳು." ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ. ತಪ್ಪಿದಾಗಲೆಲ್ಲ ಸದ್ದಿನಲ್ಲೇ ಹಿಡಿದರು. ಮುಗಿದ ಮೇಲೆ ಆ ಮನುಷ್ಯ ಮಷಿನ್ ಇಟ್ಟ ಕೂಡಲೇ ಕೊಂಬೆಯೊಳಗೆ ಇಳಿಯಿತು.

"ಎಲ್ಲಿ ಕಲ್ತೀರಿ ಅಮ್ಮಾರ?"

ನಾನು ಬಾಯಿ ತೆರೆಯುವ ಮುಂಚೆ ಯಜಮಾನರೇ ಅಂದರು: "ಈಗ ಕಲೀತಾ ಅವ್ಳೆ."

ಅರ ವಾಪಸ್ಸು ಕೇಳಲಿಲ್ಲ. ನನಗೆ ಜೇಬಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಾರನೆಯ ದಿನ, ಅಂದರೆ ನಿನ್ನೆ, ಬೆಳಕು ಹರಿಯುತ್ತಲೇ ಗೋಣಿಚೀಲ ತೆಗೆದೆ. ಹಳೆಯ ಪೆಟ್ರೋಲ್ ಬಸಿದು ಹೊಸದು ಹಾಕಿದೆ. ಚೈನ್ ಬಿಚ್ಚಿ ಒರೆಸಿ ಮತ್ತೆ ಕೂರಿಸಿ, ಅಷ್ಟೂ ಹಲ್ಲಿಗೆ ಅರ ಹಾಕಿದೆ. ಯಜಮಾನರು ಕುರ್ಚಿಯನ್ನು ಅಂಗಳದ ಕಡೆ ತಿರುಗಿಸಿಕೊಂಡು ಕೂತಿದ್ದರು.

"ಹಲ್ಲು ಯಾವ ಕಡೆಗೆ?"

"ಮುಂದಕ್ಕೆ."

ಮಷಿನ್ ತಣ್ಣಗಿತ್ತು. ನಾಲ್ಕನೆಯ ಎಳೆತಕ್ಕೆ ಎದ್ದಿತು. ಹೊಟ್ಟು ಹಾರಿ ಅವರ ಪಂಚೆಯ ಮೇಲೆಲ್ಲ ಬಿತ್ತು. ನಾನು ಎರಡನೆಯ ದಿಮ್ಮಿಗೆ ಕಾಲಿಟ್ಟೆ.