ಕೊನೆಗೆ ಏರುವ ಸುಬೇದಾರರು

ಗುರುಬಸಪ್ಪ ಈರಪ್ಪ ಹಂಚಿನಾಳ, ವಯಸ್ಸು ಐವತ್ತೆರಡು, ಪತ್ನಿ ಶಾಂತವ್ವ, ಮಗಳು ಗಾನವಿ. ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಶತ್ರುವಿರುವ ಕಾಡಿಗೆ ಇಳಿಯುತ್ತಿದ್ದ ಬೇಹುದಳದ ನಿವೃತ್ತ ಸುಬೇದಾರರು. ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟಿನಲ್ಲಿ ಇವರ ಹೆಜ್ಜೆಯ ಸಪ್ಪಳವನ್ನು ಇದುವರೆಗೆ ಯಾರೂ ಕೇಳಿಲ್ಲ. ಸಾಬೂನಿನ ವಾಸನೆ ಕಾಡಿನಲ್ಲಿ ಸುಳಿವು ಕೊಡುತ್ತದೆಂದು ಇಂದಿಗೂ ಕಡಲೆಹಿಟ್ಟಿನಲ್ಲೇ ಮೈ ತೊಳೆಯುತ್ತಾರೆ. "ಊಟಕ್ಕ ಕರದ್ರ ಕಾಡಿನ್ಯಾಗ ಸಿಪಾಯಿಗಳನ್ನ ನಿಲ್ಲಿಸಿದಂಗ ಮುಷ್ಟಿ ಎತ್ತಿ ನಿಲ್ಲಸ್ತಾರ್ರೀ, ನಾನೇನು ಇವರ ಪಲ್ಟನ್ ಏನು?" ಎಂದು ಶಾಂತವ್ವ ನೆರೆಯವರಲ್ಲಿ ದೂರುತ್ತಾರೆ. ಲಿಫ್ಟ್ ಬಂದರೆ ಐಟಿ ಕಂಪನಿಗಳ ಹುಡುಗರನ್ನೆಲ್ಲ ಹತ್ತಿಸಿ, ತಾವು ಕೊನೆಗೆ ಹತ್ತುತ್ತಾರೆ. "ಬರ್ರಿ ಅಂಕಲ್, ಇಲ್ಲೇನು ಹುಲಿ ಐತೇನ್ರಿ?" ಎಂದು ಅವರಲ್ಲಿನ ಕನ್ನಡದ ಹುಡುಗರು ನಕ್ಕರೆ, "ಮೊದ್ಲ ನೀವು ಏರ್ರಿ" ಎಂಬುದೊಂದೇ ಉತ್ತರ. ಈಶಾನ್ಯ ಗಡಿಯ ಕಾಡಿನಲ್ಲಿ ಗುಂಡುಗಳು ಹಾರುತ್ತಿದ್ದಾಗ, ಹೆಲಿಕಾಪ್ಟರಿನಲ್ಲಿ ಒಬ್ಬರಿಗೆ ಜಾಗ ಸಾಲದೆ ಹೋದಾಗಲೂ ಅವರು ಇದೇ ಮಾತನ್ನು ಹೇಳಿದ್ದರು. ಗಾಯಾಳುಗಳೊಂದಿಗೆ ತುಕಡಿಯನ್ನೆಲ್ಲ ಏರಿಸಿ ಕಳುಹಿಸಿ, ತಾವೊಬ್ಬರೇ ಕಾಡು ದಾಟಿ ನಡೆದು ಬಂದಿದ್ದರು. ಅಲ್ಲಿ ಅವರು ಬಿಟ್ಟುಬಂದದ್ದು ಬೆನ್ನಿನ ಚೀಲ, ನೀರಿನ ಡಬ್ಬಿ, ಹರಿದ ಬೂಟು, ಎಡಗಾಲಿನ ಕಿರುಬೆರಳು. ಮನುಷ್ಯರನ್ನು ಒಬ್ಬರನ್ನೂ ಬಿಟ್ಟುಬಂದಿಲ್ಲ.